ಪುಳಿಯೋಗರೆ ಹೊಟ್ಟೆಯಲ್ಲೇ ಕೂತಾಗ

ನಮ್ಮದು ಮೇಲುಕೋಟೆಯಲ್ಲಿ ಪುಳಿಯೋಗರೆ ಗೊಜ್ಜು ಕಾಯಿಸಿ ಮಾರುವ ಮನೆ. ಹುಣಸೆರಸ, ಎಳ್ಳು, ಕಡಲೆಬೀಜ, ಮೇಲೆ ತೇಲುವಷ್ಟು ಎಣ್ಣೆ. ಆ ಘಮದಲ್ಲೇ ಬೆಳೆದವಳು ನಾನು. ಎರಡು ವರ್ಷದ ಹಿಂದೆ, ವೈರಮುಡಿ ಉತ್ಸವದ ದಿನ, ಬೆಳಿಗ್ಗೆ ಎಂಟಕ್ಕೆ ತಿಂದದ್ದು ಸಂಜೆ ಆರಕ್ಕೆ ವಾಂತಿಯಾಯಿತು. ಅನ್ನದ ಅಗುಳು, ಕಡಲೆಬೀಜ ತಿಂದ ಹಾಗೇ ಇದ್ದವು.

ಅದಕ್ಕೂ ಮೊದಲೇ ಎಷ್ಟೋ ತಿಂಗಳಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತಿತ್ತು. ಗ್ಯಾಸ್ಟ್ರಿಕ್ ಇರಬೇಕೆಂದು ಅಂಗಡಿಯಿಂದ ಆಂಟಾಸಿಡ್ ತಂದು ಕುಡಿಯುತ್ತಿದ್ದೆ.

ನನಗೆ ಎಚ್‌ಐವಿ ಇದೆ. ಹದಿನೇಳು ವರ್ಷದಿಂದ ಅದನ್ನು ಹತ್ತಿಕ್ಕುವ ಎಆರ್‌ಟಿ ಔಷಧ ತೆಗೆದುಕೊಳ್ಳುತ್ತಿದ್ದೇನೆ. ಈಗ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದಿದೆ. ಅಡುಗೆಯಿಂದ ಇದು ಯಾರಿಗೂ ಅಂಟುವುದಿಲ್ಲ. ಆದರೂ ಊರಿನಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಮಂಡ್ಯದ ಎಆರ್‌ಟಿ ಡಾಕ್ಟರು ಮೊದಲು ಕೇಳಿದ್ದು ಆಂಟಾಸಿಡ್ ಯಾವಾಗ ಕುಡಿಯುತ್ತೀರಿ ಎಂದು. ರಾತ್ರಿ ಮಾತ್ರೆಯ ಜೊತೆಗೇ ಎಂದೆ. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರನ್ನು ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲವಂತೆ. ಆಂಟಾಸಿಡ್‌ಗೆ 2 ಗಂಟೆ ಮೊದಲು ಮಾತ್ರೆ ನುಂಗಬೇಕು, ಇಲ್ಲವೇ ಅದಾಗಿ 6 ಗಂಟೆ ಬಿಡಬೇಕು. ಇಷ್ಟು ವರ್ಷ ಒಂದು ದಿನವೂ ತಪ್ಪಿಸದ ಮಾತ್ರೆಯನ್ನು ನಾನೇ ಕೆಡಿಸುತ್ತಿದ್ದೆನಲ್ಲ ಎಂದು ಅವತ್ತು ಅಳು ಬಂತು.

ಆಮೇಲೆ ಮಾಡಿಸಿದ ಎಂಡೋಸ್ಕೋಪಿಯಲ್ಲಿ ಹುಣ್ಣಿಲ್ಲ, ಅಡಚಣೆಯಿಲ್ಲ. ರಾತ್ರಿಯಿಡೀ ಉಪವಾಸವಿದ್ದರೂ ಊಟ ಮಾತ್ರ ಒಳಗೇ ಇತ್ತು. ಬೆಂಗಳೂರಿನಲ್ಲಿ ವಿಕಿರಣವಸ್ತು ಚೂರೇ ಚೂರು ಬೆರೆಸಿದ ಇಡ್ಲಿ ತಿನ್ನಿಸಿ ಸ್ಕ್ಯಾನ್ ಮಾಡಿದರು. 4 ಗಂಟೆಯಲ್ಲಿ ಊಟದ ಶೇ. 90ರಷ್ಟಾದರೂ ಜಠರ ದಾಟಬೇಕು. ನನ್ನದು ಮೂರರಲ್ಲೊಂದು ಪಾಲು ಅಲ್ಲೇ ಕೂತಿತ್ತು. ಇದಕ್ಕೆ ಗ್ಯಾಸ್ಟ್ರೊಪರೆಸಿಸ್ ಎನ್ನುತ್ತಾರೆ.

ಜಠರ ಒರಳಿದ್ದ ಹಾಗೆ, ಅದನ್ನು ತಿರುಗಿಸುವ ಕೈ ವೇಗಸ್ ನರ. ಎಚ್‌ಐವಿ ಇದ್ದವರಲ್ಲಿ ಇಂಥ ನರಗಳು ಸೊರಗಬಹುದು. ಸಕ್ಕರೆ ಕಾಯಿಲೆಯಿಂದಲೂ ಹೀಗಾಗುತ್ತದೆ, ನನಗೆ ಅದಿರಲಿಲ್ಲ. ಹಿಂದೆ ಕೊಡುತ್ತಿದ್ದ ಸ್ಟಾವುಡಿನ್ ಮಾತ್ರೆಯಿಂದ ನನ್ನ ಪಾದಗಳು ಆಗಲೇ ಜೋಮು ಹಿಡಿದಿದ್ದವು.

ಎಣ್ಣೆ, ನಾರು ಎರಡೂ ಜಠರವನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಹಾಗಾಗಿ ಮುದ್ದೆಯ ಬದಲು ರಾಗಿ ಗಂಜಿ, ಕಿವುಚಿದ ಮೊಸರನ್ನ. ದಿನಕ್ಕೆ ಆರು ಸಲ, ಸಣ್ಣ ಬಟ್ಟಲಲ್ಲಿ. ಉಂಡು ಮಲಗದೆ ಕಲ್ಯಾಣಿಯ ಸುತ್ತ ನಡೆಯುತ್ತೇನೆ. ಆರು ತಿಂಗಳಲ್ಲಿ ನಾಲ್ಕು ಕಿಲೋ ತೂಕ ವಾಪಸು ಬಂತು. ಪುಳಿಯೋಗರೆ ಈಗ ಎರಡೇ ತುತ್ತು, ಅದೂ ಹಬ್ಬಕ್ಕೆ.

ವಾಂತಿಗೆಂದು ಅಂಗಡಿಯಲ್ಲಿ ಡೊಂಪೆರಿಡೋನ್ ಕೇಳಿ ನುಂಗಬೇಡಿ. ರಿಟೊನಾವಿರ್ ಇರುವ ಎಆರ್‌ಟಿ ತೆಗೆದುಕೊಳ್ಳುವವರಿಗೆ ಅದು ಹೃದಯದ ಬಡಿತವನ್ನೇ ತಪ್ಪಿಸಬಹುದು. ಹೊಟ್ಟೆಯ ಕಷ್ಟವನ್ನೂ ಎಆರ್‌ಟಿ ಕೇಂದ್ರದಲ್ಲೇ ಹೇಳಿಕೊಳ್ಳಿ. ಹೋಗಲು ಸಂಕೋಚವಾದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಎಆರ್‌ಟಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.