ಮೆದುಳಿನ ರಕ್ತಸ್ರಾವ: ವೈದ್ಯರ ಅಂಕದ ಲೆಕ್ಕ

ಮೆದುಳಿನಲ್ಲಿ ರಕ್ತನಾಳ ಒಡೆದು ಲಕ್ವ ಹೊಡೆದವರು ಉಳಿಯುವರೇ ಎಂದು ಅಂದಾಜು ಮಾಡಲು ಅಮೆರಿಕದ ವೈದ್ಯರು 2001ರಲ್ಲಿ ಅಂಕಗಳ ಲೆಕ್ಕವೊಂದನ್ನು ಪ್ರಕಟಿಸಿದರು. ರೋಗಿಗೆ ಎಚ್ಚರವೆಷ್ಟಿದೆ, ಸೋರಿದ ರಕ್ತ 30 ಮಿಲಿಲೀಟರ್ ಮುಟ್ಟಿದೆಯೇ, ಮೆದುಳಿನೊಳಗಿನ ನೀರಿನ ಕುಳಿಗಳಿಗೆ ಇಳಿದಿದೆಯೇ, ಮೆದುಳಿನ ಬುಡಭಾಗದಲ್ಲಿ ಸೋರಿದೆಯೇ, ವಯಸ್ಸು 80 ತುಂಬಿದೆಯೇ ಎಂದು ನೋಡಿ 0ಯಿಂದ 6ರವರೆಗೆ ಅಂಕ ಹಾಕುತ್ತಾರೆ. ಆ ಅಧ್ಯಯನದಲ್ಲಿ 1 ಅಂಕದವರಲ್ಲಿ ನೂರಕ್ಕೆ 13, 3 ಅಂಕದವರಲ್ಲಿ 72 ಮಂದಿ ತಿಂಗಳೊಳಗೆ ತೀರಿಕೊಂಡಿದ್ದರು.

ಆದರೆ ಮೊಳಕೆ ಪರೀಕ್ಷೆಯಿಂದ ನೂರಕ್ಕೆಷ್ಟು ಕಾಳು ಹುಟ್ಟುವುದೆಂದು ಹೇಳಬಹುದೇ ಹೊರತು, ಕೈಯಲ್ಲಿರುವ ಈ ಕಾಳು ಹುಟ್ಟುವುದೇ ಎಂದು ಹೇಳಲಾಗದು. ಇದೂ ಹಾಗೆಯೇ. ಅಂಕ ಕೇಳಿ ಹೆದರಿ ರೋಗಿಯನ್ನು ಮನೆಗೆ ತಂದರೆ ಚಿಕಿತ್ಸೆಯಿಲ್ಲದೆಯೇ ಸಾವು ಬರಬಹುದು. ಲೆಕ್ಕವೇ ನಿಜವಾಯಿತೆಂದು ನಾವು ಹೇಳುತ್ತೇವೆ! ಮೊದಲ ಎರಡು ದಿನವಾದರೂ ಆಸ್ಪತ್ರೆಯಲ್ಲಿ ಪೂರ್ಣ ಚಿಕಿತ್ಸೆ ನಡೆಯಲಿ; ಆಮೇಲೆ ವೈದ್ಯರನ್ನು ಮತ್ತೆ ಕೇಳಿರಿ.