ಮನೆಯ ಜಲಕೃಷಿಯಲ್ಲಿ ಪೋಷಕ ದ್ರಾವಣದ ರಸಸಾರ ನಿರ್ವಹಣೆ

ನಗರ ಪ್ರದೇಶಗಳಲ್ಲಿ ಮನೆಯ ತಾರಸಿ ಮತ್ತು ಬಾಲ್ಕನಿಗಳಲ್ಲಿ ಮಣ್ಣನ್ನು ಬಳಸದೆ, ಪೋಷಕಾಂಶಗಳನ್ನು ಕರಗಿಸಿದ ನೀರಿನಲ್ಲಿಯೇ ಸೊಪ್ಪು ಹಾಗೂ ತರಕಾರಿ ಬೆಳೆಯಲು ಸಾರ್ವಜನಿಕರು ಆಸಕ್ತಿ ತೋರುತ್ತಿದ್ದಾರೆ. ಹೈಡ್ರೋಪೋನಿಕ್ಸ್ ಅಥವಾ ಜಲಕೃಷಿ ಎಂದು ಕರೆಯಲ್ಪಡುವ ಈ ಪದ್ಧತಿಯು ಹೊಸದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡಬ್ಲ್ಯು.ಎಫ್. ಗೆರಿಕೆ ಅವರು 1930ರ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಭಾರತದಲ್ಲಿ 1940ರ ದಶಕದಲ್ಲಿಯೇ ಜೆ. ಶೋಲ್ಟೊ ಡಗ್ಲಸ್ ಅವರು ಬಂಗಾಳದ ಕಾಲಿಂಪಾಂಗ್‌ನಲ್ಲಿ ಇದರ ಪ್ರಯೋಗಗಳನ್ನು ಕೈಗೊಂಡಿದ್ದರು.

ಆರಂಭದ ಎರಡು ಮೂರು ವಾರ ಹುಲುಸಾಗಿ ಬೆಳೆದ ಸಸಿಗಳು ತರುವಾಯ ಹಳದಿಗೆ ತಿರುಗಿ ಬೆಳವಣಿಗೆ ಕುಂಠಿತವಾಗುವುದು ಮನೆಯ ಘಟಕಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತೊಂದರೆಯಾಗಿದೆ. ಇದಕ್ಕೆ ಗೊಬ್ಬರ ಸಾಲದೆಂದು ಭಾವಿಸಿ ಇನ್ನಷ್ಟು ಗೊಬ್ಬರ ಬೆರೆಸುವವರೂ, ರಸಸಾರ ಏರಿತೆಂದು ದಿನಕ್ಕೆ ಎರಡು ಬಾರಿ ಆಮ್ಲ ಸುರಿಯುವವರೂ ಇದ್ದಾರೆ. ಎರಡರಿಂದಲೂ ಹಾನಿ ಹೆಚ್ಚುತ್ತದೆ. ಬಹುತೇಕ ಸಂದರ್ಭಗಳಲ್ಲಿ ದೋಷವಿರುವುದು ಗೊಬ್ಬರದಲ್ಲಾಗಲಿ ಉಪಕರಣದಲ್ಲಾಗಲಿ ಅಲ್ಲ, ಬಳಸಿದ ನೀರಿನಲ್ಲಿ. ಆದ್ದರಿಂದ ತರಬೇತಿ ಅಥವಾ ತಾಂತ್ರಿಕ ಸಲಹೆ ಕೋರಿ ಅರ್ಜಿ ಸಲ್ಲಿಸುವವರು ಕೊಳವೆ, ಪಂಪು ಮುಂತಾದವುಗಳಿಗೆ ಹಣ ತೊಡಗಿಸುವ ಮುನ್ನವೇ ತಮ್ಮ ಮನೆಯ ನೀರಿನ ಗುಣವನ್ನು ಅರಿತಿರುವುದು ಸೂಕ್ತ.

ರಸಸಾರ ಎಂದರೇನು

ದ್ರಾವಣವು ಎಷ್ಟು ಹುಳಿ ಅಥವಾ ಎಷ್ಟು ಕ್ಷಾರವಾಗಿದೆ ಎಂಬುದನ್ನು 0ಯಿಂದ 14ರವರೆಗಿನ ಅಂಕಿಯಲ್ಲಿ ಹೇಳುವ ಮಾಪನವೇ ರಸಸಾರ ಅಥವಾ ಪಿ.ಎಚ್. ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್‌ಸೆನ್ ಅವರು 1909ರಲ್ಲಿ ಇದನ್ನು ರೂಪಿಸಿದರು. 7 ತಟಸ್ಥ ಸ್ಥಿತಿ. ಅದಕ್ಕಿಂತ ಕಡಿಮೆ ಇದ್ದಲ್ಲಿ ಆಮ್ಲ, ಹೆಚ್ಚಿದ್ದಲ್ಲಿ ಕ್ಷಾರ. ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು ವ್ಯತ್ಯಾಸ ಎಂಬುದನ್ನು ಮರೆಯಬಾರದು. 6ರಿಂದ 7ಕ್ಕೆ ಏರಿದ ದ್ರಾವಣದಲ್ಲಿ ಆಮ್ಲತೆ ಹತ್ತನೆಯ ಒಂದು ಭಾಗಕ್ಕೆ ಇಳಿದಿರುತ್ತದೆ.

ಜಲಕೃಷಿಯಲ್ಲಿ ಹೆಚ್ಚಿನ ಬೆಳೆಗಳಿಗೆ 5.5ರಿಂದ 6.5ರವರೆಗಿನ ರಸಸಾರ ಸೂಕ್ತ. ಇದಕ್ಕಿಂತ ಮೇಲೇರಿದಾಗ ಕಬ್ಬಿಣ, ಮ್ಯಾಂಗನೀಸ್, ಸತುವಿನಂತಹ ಲಘು ಪೋಷಕಾಂಶಗಳು ನೀರಿನಲ್ಲಿದ್ದರೂ ಬೇರಿಗೆ ಸಿಗದ ರೂಪಕ್ಕೆ ಬದಲಾಗುತ್ತವೆ. ರಂಜಕವು ಸುಣ್ಣದ ಅಂಶದೊಡನೆ ಸೇರಿ ತಳಕ್ಕಿಳಿಯುತ್ತದೆ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದಲ್ಲಿ ಅದು ಕಬ್ಬಿಣದ ಕೊರತೆಯ ಲಕ್ಷಣ. ಇಂತಹ ಗಿಡಕ್ಕೆ ಮತ್ತಷ್ಟು ಕಬ್ಬಿಣ ಕೊಡುವುದಕ್ಕಿಂತ ಮೊದಲು ರಸಸಾರವನ್ನು ಪರೀಕ್ಷಿಸತಕ್ಕದ್ದು. ಹಳೆಯ ಎಲೆಗಳು ಮೊದಲು ಹಳದಿಯಾಗುತ್ತಿದ್ದಲ್ಲಿ ಕಾರಣ ಬೇರೆ. ಸಾಮಾನ್ಯವಾಗಿ ಸಾರಜನಕ ಅಥವಾ ಮೆಗ್ನೀಷಿಯಂ ಕೊರತೆ. ರಸಸಾರವು 5ಕ್ಕಿಂತ ಕೆಳಗಿಳಿದರೆ ಬೇರಿನ ತುದಿಗಳಿಗೇ ಧಕ್ಕೆಯಾಗುತ್ತದೆ.

ನೀರಿನ ಕ್ಷಾರೀಯತೆ

ರಸಸಾರ ಮತ್ತು ಕ್ಷಾರೀಯತೆ ಒಂದೇ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ರಸಸಾರವು ದ್ರಾವಣದ ಆ ಹೊತ್ತಿನ ಸ್ಥಿತಿಯನ್ನು ತೋರಿಸುತ್ತದೆ. ಕ್ಷಾರೀಯತೆಯಾದರೋ, ಹಾಕಿದ ಆಮ್ಲವನ್ನು ನುಂಗಿಕೊಂಡು ಮತ್ತೆ ಮೊದಲಿನ ಸ್ಥಿತಿಗೆ ಮರಳುವ ನೀರಿನ ಶಕ್ತಿ. ಇದಕ್ಕೆ ಮುಖ್ಯ ಕಾರಣ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಲವಣಗಳು. ಬಿಸಿನೀರಿನ ಹಂಡೆಯ ತಳದಲ್ಲಿ ಅಥವಾ ಗೀಸರಿನ ಒಳಗೆ ಕಟ್ಟುವ ಬಿಳಿಯ ಗಟ್ಟಿ ಪದರವು ಇವುಗಳದೇ ಕುರುಹು. ಅಂತಹ ಪದರ ಬೇಗ ಕಟ್ಟುವ ಮನೆಗಳಲ್ಲಿ ರಸಸಾರವನ್ನು ಹಿಡಿದಿಡುವುದು ಕಷ್ಟವೆಂದು ಮೊದಲೇ ಊಹಿಸಬಹುದು.

ಇಂತಹ ನೀರಿಗೆ ಆಮ್ಲ ಹಾಕಿದಾಗ ಬೈಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಆ ಅನಿಲ ನೀರಿನಲ್ಲಿ ಇರುವವರೆಗೆ ರಸಸಾರ ಇಳಿದಂತೆ ತೋರುತ್ತದೆ. ಗಾಳಿಯ ಪಂಪು ಚಾಲನೆಯಲ್ಲಿದ್ದು ಅನಿಲ ಹೊರಹೋದಂತೆಲ್ಲ ರಸಸಾರ ಮತ್ತೆ ಏರುತ್ತದೆ. ಸಂಜೆ 6ಕ್ಕೆ ಇಳಿಸಿದ ದ್ರಾವಣ ಬೆಳಿಗ್ಗೆ 7 ದಾಟಿರುವುದು ಮೀಟರಿನ ದೋಷದಿಂದಲ್ಲ, ಇದರಿಂದ.

ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಈ ತೊಂದರೆಗೆ ಮತ್ತೊಂದು ಮುಖವಿದೆ. ಹೊಳೆಯ ನೀರಾದ ಕಾವೇರಿ ನೀರಿನಲ್ಲಿ ಲವಣಾಂಶ ಸಾಮಾನ್ಯವಾಗಿ ಕಡಿಮೆ. ಶಿಲಾಸ್ತರಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತ ಕೊಳವೆಬಾವಿ ನೀರಿನಲ್ಲಿ ಹೆಚ್ಚು. ಇವೆರಡೂ, ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಒಂದೇ ಸಂಪಿನಲ್ಲಿ ಸೇರುವುದರಿಂದ ನಲ್ಲಿಯಲ್ಲಿ ಬರುವ ನೀರಿನ ಗುಣ ವಾರದಿಂದ ವಾರಕ್ಕೆ ಬದಲಾಗುತ್ತದೆ. ಅದೇ ಅಳತೆಯ ಗೊಬ್ಬರ, ಅದೇ ಅಳತೆಯ ಆಮ್ಲ ಬಳಸಿಯೂ ಫಲಿತಾಂಶ ಬೇರೆ ಬೇರೆಯಾಗಿ ಬರಲು ಇದೇ ಕಾರಣ. ಜಲಕೃಷಿಗೆ ಬೇಕಾದ ನೀರನ್ನು ಸಾಧ್ಯವಾದಷ್ಟು ಒಂದೇ ಮೂಲದಿಂದ, ಸಂಪಿಗೆ ಸೇರುವ ಮೊದಲೇ ಪ್ರತ್ಯೇಕವಾಗಿ ಹಿಡಿದಿಡುವುದು ಒಳ್ಳೆಯದು.

ಕುಡಿಯಲು ಯೋಗ್ಯವಾದ ನೀರು ಜಲಕೃಷಿಗೂ ಯೋಗ್ಯವೆಂದು ಭಾವಿಸುವಂತಿಲ್ಲ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 10500: 2012 ಮಾನಕದ ಪ್ರಕಾರ ಕುಡಿಯುವ ನೀರಿನ ಒಟ್ಟು ಕ್ಷಾರೀಯತೆ ಲೀಟರಿಗೆ 200 ಮಿ.ಗ್ರಾಂ. ವರೆಗೆ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿ.ಗ್ರಾಂ. ವರೆಗೂ ಅನುಮತಿಸಲಾಗಿದೆ. ಮನೆಯ ಜಲಕೃಷಿಗೆ ಈ ಪ್ರಮಾಣ 100 ಮಿ.ಗ್ರಾಂ. ಒಳಗಿದ್ದರೆ ನಿರ್ವಹಣೆ ಸುಲಭ.

ಆಮ್ಲ ಹಾಕಿದರೆ ಸಾಲದೇ

ಮನೆಯ ಬಳಕೆಗೆಂದು ಮಾರಾಟವಾಗುವ, ರಸಸಾರ ಇಳಿಸುವ ದ್ರಾವಣಗಳಲ್ಲಿ ಅನೇಕವು ಫಾಸ್ಫಾರಿಕ್ ಆಮ್ಲದಿಂದ ತಯಾರಾದವು. ಇದರ ಲೆಕ್ಕವನ್ನು ಒಮ್ಮೆ ನೋಡುವುದು ಉಪಯುಕ್ತ. ನೀರಿನ ಕ್ಷಾರೀಯತೆ 300 ಮಿ.ಗ್ರಾಂ. ಇದ್ದು, ಅದನ್ನು 50 ಮಿ.ಗ್ರಾಂ.ಗೆ ಇಳಿಸಬೇಕಾದಲ್ಲಿ 20 ಲೀಟರ್ ನೀರಿಗೆ ಶೇಕಡಾ 85 ಸಾಂದ್ರತೆಯ ಫಾಸ್ಫಾರಿಕ್ ಆಮ್ಲ ಸುಮಾರು 7 ಮಿ.ಲೀ. ಬೇಕಾಗುತ್ತದೆ. ಇದರಿಂದ ಪ್ರತಿ ಲೀಟರಿಗೆ ಸುಮಾರು 155 ಮಿ.ಗ್ರಾಂ. ರಂಜಕ ಸೇರುತ್ತದೆ. 1938ರಲ್ಲಿ ಹೋಗ್‌ಲ್ಯಾಂಡ್ ಮತ್ತು ಆರ್ನಾನ್ ಅವರು ಪ್ರಕಟಿಸಿದ, ಇಂದಿಗೂ ಆಧಾರವಾಗಿ ಬಳಸಲಾಗುವ ದ್ರಾವಣದಲ್ಲಿ ಇರುವ ರಂಜಕ 31 ಮಿ.ಗ್ರಾಂ. ಮಾತ್ರ. ಅಂದರೆ ಗೊಬ್ಬರ ಹಾಕುವ ಮೊದಲೇ ಐದು ಪಟ್ಟು ರಂಜಕ ಸೇರಿದಂತಾಯಿತು. ಅತಿಯಾದ ರಂಜಕವು ಕಬ್ಬಿಣ ಮತ್ತು ಸತುವಿನ ಹೀರುವಿಕೆಗೆ ಅಡ್ಡಿಯಾಗುವುದರಿಂದ, ಮೀಟರು 6 ಎಂದು ತೋರಿಸುತ್ತಿದ್ದರೂ ಎಲೆ ಹಳದಿಯಾಗಿಯೇ ಇರುತ್ತದೆ.

ಅದೇ ನೀರಿನ ಒಂದು ಪಾಲಿಗೆ ಎರಡು ಪಾಲು ಮಳೆನೀರು ಬೆರೆಸಿದಲ್ಲಿ ಕ್ಷಾರೀಯತೆ ಸುಮಾರು 100 ಮಿ.ಗ್ರಾಂ.ಗೆ ಇಳಿಯುತ್ತದೆ. ಆಗ 20 ಲೀಟರಿಗೆ ಬೇಕಾಗುವ ಆಮ್ಲ ಒಂದೂವರೆ ಮಿ.ಲೀ.ಗಿಂತಲೂ ಕಡಿಮೆ, ಸೇರುವ ರಂಜಕದಿಂದ ತೊಂದರೆಯಿಲ್ಲ. ಬೆಂಗಳೂರಿನಲ್ಲಿ 2009ರಿಂದ ನಿಗದಿತ ಅಳತೆಗಿಂತ ದೊಡ್ಡ ನಿವೇಶನದ ಕಟ್ಟಡಗಳಿಗೆ ಮಳೆನೀರು ಸಂಗ್ರಹಣೆ ಕಡ್ಡಾಯವಾಗಿರುವುದರಿಂದ ಹಲವು ಮನೆಗಳಲ್ಲಿ ಇದಕ್ಕೆ ಅಗತ್ಯವಾದ ತೊಟ್ಟಿ ಈಗಾಗಲೇ ಇದೆ. ಮೊದಲ ಮಳೆಯ ನೀರನ್ನು ಬಿಟ್ಟು ತರುವಾಯದ ನೀರನ್ನು ಸೋಸಿ ಬಳಸಬೇಕು. ಆರ್.ಓ. ಯಂತ್ರದಿಂದ ಶುದ್ಧೀಕರಿಸಿದ ನೀರನ್ನೂ ಹೀಗೆಯೇ ಬೆರೆಸಬಹುದು. ಆದರೆ ಉಪ್ಪು ಬಳಸಿ ನೀರನ್ನು ಮೆದುಗೊಳಿಸುವ ಯಂತ್ರದ ನೀರು ಸೂಕ್ತವಲ್ಲ. ಅದರಲ್ಲಿ ಸುಣ್ಣದ ಅಂಶದ ಬದಲಿಗೆ ಸೋಡಿಯಂ ಸೇರಿರುತ್ತದೆ, ಕ್ಷಾರೀಯತೆ ಇಳಿದಿರುವುದಿಲ್ಲ.

ಕೇವಲ ಮಳೆನೀರು ಅಥವಾ ಕೇವಲ ಆರ್.ಓ. ನೀರು ಬಳಸುವುದೂ ಉತ್ತಮವಲ್ಲ. ಕ್ಷಾರೀಯತೆ ಸ್ವಲ್ಪವೂ ಇಲ್ಲದ ನೀರಿನಲ್ಲಿ ರಸಸಾರವನ್ನು ತಡೆದು ನಿಲ್ಲಿಸುವ ಶಕ್ತಿಯಿರದೆ ಅದು ಬೇಗನೆ ಏರಿಳಿಯುತ್ತದೆ. ಲೀಟರಿಗೆ 50 ಮಿ.ಗ್ರಾಂ.ನಷ್ಟು ಉಳಿಸಿಕೊಳ್ಳುವುದು ಅನುಕೂಲಕರ.

ನಿಂಬೆರಸ ಮತ್ತು ವಿನೆಗರ್ ಬಳಕೆಯ ಬಗ್ಗೆ ಆಗಾಗ ವಿಚಾರಿಸಲಾಗುತ್ತದೆ. ಇವು ರಸಸಾರವನ್ನು ಇಳಿಸುತ್ತವೆ, ನಿಜ. ಆದರೆ ಇವುಗಳಲ್ಲಿರುವ ಸಾವಯವ ಆಮ್ಲವನ್ನು ನೀರಿನಲ್ಲಿರುವ ಸೂಕ್ಷ್ಮಾಣುಗಳು ಕೆಲವೇ ದಿನಗಳಲ್ಲಿ ಆಹಾರವಾಗಿ ಬಳಸಿಬಿಡುವುದರಿಂದ ರಸಸಾರ ಹಿಂದಿನ ಮಟ್ಟಕ್ಕೆ ಮರಳುತ್ತದೆ. ಬೇರಿನ ಸುತ್ತ ಲೋಳೆಯೂ ಕಟ್ಟಬಹುದು. ಬ್ಯಾಟರಿ ಆಮ್ಲ ಮತ್ತು ಶೌಚಾಲಯ ಶುಚಿಗೊಳಿಸುವ ಆಮ್ಲವನ್ನು ಯಾವ ಕಾರಣಕ್ಕೂ ಬಳಸಬಾರದು. ರಸಸಾರ ಏರಿಸಬೇಕಾದಾಗ ಅಡುಗೆ ಸೋಡಾ ಬಳಸುವುದರಿಂದ ಸೋಡಿಯಂ ಸಂಗ್ರಹವಾಗುತ್ತದೆ. ಪೊಟ್ಯಾಸಿಯಂ ಬೈಕಾರ್ಬೊನೇಟ್ ಮೇಲು. ಆಮ್ಲವನ್ನು ಯಾವಾಗಲೂ ನೀರಿಗೆ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು. ಕೈಗವಸು ಮತ್ತು ಕನ್ನಡಕ ಧರಿಸುವುದು ಹಾಗೂ ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು ಅವಶ್ಯ.

ಪೋಷಕಾಂಶಗಳ ಸಮತೋಲನ

ಜಲಕೃಷಿಯ ಗೊಬ್ಬರವನ್ನು 'ಎ' ಮತ್ತು 'ಬಿ' ಎಂದು ಎರಡು ಬಾಟಲಿಗಳಲ್ಲಿ ಕೊಡುವುದು ವ್ಯಾಪಾರದ ತಂತ್ರವಲ್ಲ. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದರಲ್ಲಿ ಸಲ್ಫೇಟ್ ಮತ್ತು ಫಾಸ್ಫೇಟ್ ಲವಣಗಳಿರುತ್ತವೆ. ಇವೆರಡನ್ನೂ ಗಟ್ಟಿ ರೂಪದಲ್ಲಿ ನೇರವಾಗಿ ಬೆರೆಸಿದಲ್ಲಿ ಜಿಪ್ಸಂ ಮುಂತಾದವು ಬಿಳಿಯ ಗಸಿಯಾಗಿ ತಳಕ್ಕಿಳಿದು ಗಿಡಕ್ಕೆ ದೊರೆಯದಂತಾಗುತ್ತವೆ. ಆದ್ದರಿಂದ ತೊಟ್ಟಿಯಲ್ಲಿ ಪೂರ್ತಿ ನೀರು ತುಂಬಿ, 'ಎ' ಹಾಕಿ ಕಲಕಿ, ಅನಂತರ 'ಬಿ' ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ಲವಣಾಂಶವನ್ನೂ ಕೊನೆಯಲ್ಲಿ ರಸಸಾರವನ್ನೂ ಅಳೆಯಬೇಕು. ಗೊಬ್ಬರವೇ ರಸಸಾರವನ್ನು ತುಸು ಇಳಿಸುವುದರಿಂದ ಆಮ್ಲ ಹಾಕುವುದು ಕೊನೆಯ ಕೆಲಸ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಮಣ್ಣುರಹಿತ ತರಕಾರಿ ಬೇಸಾಯಕ್ಕಾಗಿ 'ಅರ್ಕಾ ಸಸ್ಯ ಪೋಷಕ ರಸ' ಎಂಬ ದ್ರವ ಪೋಷಕಾಂಶವನ್ನು ಅಭಿವೃದ್ಧಿಪಡಿಸಿದೆ.

ಗೊಬ್ಬರದ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ 19:19:19 ಗೊಬ್ಬರವು ಹೊಲದ ಹನಿ ನೀರಾವರಿಗೆ ಉತ್ತಮವಾದರೂ ಜಲಕೃಷಿಗೆ ಅದೊಂದೇ ಸಾಲದು. ಅದರಲ್ಲಿ ಸುಣ್ಣದ ಅಂಶವಿಲ್ಲ. ಸಾರಜನಕದ ದೊಡ್ಡ ಪಾಲು ಯೂರಿಯಾ ಮತ್ತು ಅಮೋನಿಯಂ ರೂಪದಲ್ಲಿದೆ. ಗಿಡವು ನೈಟ್ರೇಟ್ ಹೀರಿದಾಗ ದ್ರಾವಣದ ರಸಸಾರ ಏರುತ್ತದೆ, ಅಮೋನಿಯಂ ಹೀರಿದಾಗ ಇಳಿಯುತ್ತದೆ. ನೈಟ್ರೇಟ್ ಪ್ರಧಾನವಾದ ದ್ರಾವಣದಲ್ಲಿ ಆರೋಗ್ಯವಂತ ಗಿಡಗಳಿದ್ದಲ್ಲಿ ರಸಸಾರ ಮೆಲ್ಲನೆ ಏರುವುದು ಸಹಜ. 5.6ರಿಂದ ಆರಂಭಿಸಿ, ಅದು 6.4 ತಲುಪಲು ಮೂರು ನಾಲ್ಕು ದಿನ ಬಿಟ್ಟು, ಅನಂತರ ಸರಿಪಡಿಸಿದರೆ ಸಾಕು. ಪ್ರತಿ ದಿನವೂ 6.0 ಎಂಬ ಒಂದೇ ಅಂಕಿಯ ಬೆನ್ನು ಹತ್ತುವ ಅಗತ್ಯವಿಲ್ಲ.

ದ್ರಾವಣದಲ್ಲಿರುವ ಒಟ್ಟು ಲವಣವನ್ನು ವಿದ್ಯುತ್ ವಾಹಕತೆ ಅಥವಾ ಇ.ಸಿ. ಮೂಲಕ ತಿಳಿಯಲಾಗುತ್ತದೆ. ಲೆಟ್ಯೂಸ್‌ಗೆ 0.8ರಿಂದ 1.2, ಪಾಲಕ್‌ಗೆ 1.8ರಿಂದ 2.3, ಟೊಮೆಟೊಗೆ 2ಕ್ಕಿಂತ ಹೆಚ್ಚು ಡೆಸಿ ಸೀಮನ್ಸ್ ಬೇಕಾಗುತ್ತದೆ. ಆದ್ದರಿಂದ ಟೊಮೆಟೊ ಮತ್ತು ಲೆಟ್ಯೂಸ್ ಎರಡನ್ನೂ ಒಂದೇ ತೊಟ್ಟಿಗೆ ಜೋಡಿಸಬಾರದು. ಮೀಟರು ಲವಣದ ಒಟ್ಟು ಪ್ರಮಾಣವನ್ನಷ್ಟೇ ಹೇಳುತ್ತದೆ, ಯಾವ ಲವಣವೆಂದು ಹೇಳುವುದಿಲ್ಲ. ನೀರಿನದೇ ವಾಹಕತೆ 0.9 ಇದ್ದಲ್ಲಿ 1.6 ತೋರಿಸುವ ದ್ರಾವಣದಲ್ಲಿ ಪೋಷಕಾಂಶದ ಪಾಲು 0.7 ಮಾತ್ರ. ಟಿ.ಡಿ.ಎಸ್. ಎಂದು ನಮೂದಿಸಿರುವ ಮೀಟರುಗಳಲ್ಲಿ 1.0 ಇ.ಸಿ.ಯನ್ನು ಕೆಲವು 500 ಎಂದೂ ಕೆಲವು 700 ಎಂದೂ ತೋರಿಸುತ್ತವೆ. ಬೇರೊಬ್ಬರ ಅಂಕಿಯನ್ನು ಅನುಸರಿಸುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಬೇಕು.

ಬೇಸಿಗೆಯಲ್ಲಿ ಗಿಡಗಳು ಗೊಬ್ಬರಕ್ಕಿಂತ ನೀರನ್ನೇ ಹೆಚ್ಚು ಹೀರುವುದರಿಂದ ತೊಟ್ಟಿಯ ನೀರು ತಗ್ಗಿದಂತೆ ಇ.ಸಿ. ಏರುತ್ತದೆ. ಆಗ ಬರಿಯ ನೀರನ್ನು ತುಂಬಬೇಕು. ನೀರಿನ ಜೊತೆಗೆ ಇ.ಸಿ.ಯೂ ಇಳಿದಿದ್ದರೆ ಪೋಷಕ ದ್ರಾವಣವನ್ನು ತುಂಬಬೇಕು. ತುಂಬಿದ ನೀರಿನ ಒಟ್ಟು ಮೊತ್ತ ತೊಟ್ಟಿಯ ಅಳತೆಯಷ್ಟಾದಾಗ, ಅಥವಾ ಎರಡು ವಾರಕ್ಕೊಮ್ಮೆ, ಪೂರ್ತಿ ದ್ರಾವಣ ಬದಲಿಸುವುದು ರೂಢಿ. ಹಳೆಯ ದ್ರಾವಣವನ್ನು ಮಳೆನೀರಿನ ಚರಂಡಿಗೆ ಬಿಡದೆ, ನೀರು ಬೆರೆಸಿ ಕುಂಡದ ಗಿಡಗಳಿಗೆ ಹಾಕಬಹುದು.

ತೊಟ್ಟಿ ದೊಡ್ಡದಾದಷ್ಟೂ ಏರಿಳಿತ ಕಡಿಮೆ. ಐದು ಲೀಟರಿನ ಡಬ್ಬಿಯಲ್ಲಿ ಒಂದೇ ದಿನದಲ್ಲಿ ಕೆಡುವ ಸಮತೋಲನ ನಲವತ್ತು ಲೀಟರಿನಲ್ಲಿ ವಾರ ನಿಲ್ಲುತ್ತದೆ. ತೊಟ್ಟಿಗೆ ಬೆಳಕು ತಾಗದಂತೆ ಮುಚ್ಚಬೇಕು. ಬೆಳಕು ಬಿದ್ದಲ್ಲಿ ಪಾಚಿ ಬೆಳೆದು ಹಗಲು ರಸಸಾರ ಏರುತ್ತದೆ, ರಾತ್ರಿ ಇಳಿಯುತ್ತದೆ. ಅಳತೆಯನ್ನು ದಿನವೂ ಒಂದೇ ವೇಳೆಯಲ್ಲಿ ಮಾಡಬೇಕೆನ್ನುವುದು ಇದಕ್ಕಾಗಿಯೇ. ತಾರಸಿಯ ಬಿಸಿಲಿಗೆ ನೀರು ಕಾದಾಗ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ. ಇರುವುದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಬೇರು ಕಂದುಬಣ್ಣಕ್ಕೆ ತಿರುಗಿ ದುರ್ವಾಸನೆ ಬಂದಲ್ಲಿ ಅದು ಕೊಳೆರೋಗ. ರಸಸಾರ ತಿದ್ದುವುದರಿಂದ ಅದು ವಾಸಿಯಾಗದು.

ರಸಸಾರದ ಮೀಟರನ್ನು ಎರಡು ವಾರಕ್ಕೊಮ್ಮೆಯಾದರೂ 7.0 ಮತ್ತು 4.0 ಪ್ರಮಾಣಿತ ದ್ರಾವಣಗಳಲ್ಲಿ ಸರಿಹೊಂದಿಸಬೇಕು. ಅದರ ತುದಿಯನ್ನು ಒಣಗಲು ಬಿಡಬಾರದು. ಬಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿಡಲೂಬಾರದು. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡತಕ್ಕದ್ದು.

ನೀರಿನ ಮಾದರಿ ಪರೀಕ್ಷೆಗೆ ಕೊಡುವ ವಿಧಾನ

ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಹಾಗೂ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಗಳ ಪ್ರಯೋಗಾಲಯಗಳಲ್ಲಿ ಮಣ್ಣು ಮತ್ತು ನೀರಿನ ಪರೀಕ್ಷೆಯ ಸೌಲಭ್ಯವಿರುತ್ತದೆ. ಶುಲ್ಕ ಹಾಗೂ ವೇಳೆಯನ್ನು ಆಯಾ ಕೇಂದ್ರದಲ್ಲಿಯೇ ವಿಚಾರಿಸಿಕೊಳ್ಳಬೇಕು. ಮಾದರಿಗೆ ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಸಾಕು. ಕೊಳವೆಬಾವಿಯಾದಲ್ಲಿ ಪಂಪನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು, ಗಾಳಿ ಉಳಿಯದಂತೆ ಪೂರ್ತಿ ತುಂಬಿ ಮುಚ್ಚಳ ಬಿಗಿಯಬೇಕು. ಹೆಸರು, ವಿಳಾಸ, ನೀರಿನ ಮೂಲ ಮತ್ತು ದಿನಾಂಕವನ್ನು ಬರೆದ ಚೀಟಿ ಅಂಟಿಸಿ 24 ಗಂಟೆಗಳೊಳಗೆ ತಲುಪಿಸುವುದು ಉತ್ತಮ. ಜಲಕೃಷಿಯ ಸಲುವಾಗಿ ಎಂದು ತಿಳಿಸಿ ರಸಸಾರ, ವಿದ್ಯುತ್ ವಾಹಕತೆ, ಒಟ್ಟು ಕ್ಷಾರೀಯತೆ ಅಥವಾ ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಮತ್ತು ಕ್ಲೋರೈಡ್ ಪ್ರಮಾಣಗಳನ್ನು ಕೋರಬೇಕು. ಕೇವಲ ರಸಸಾರವನ್ನು ನಮೂದಿಸಿದ ವರದಿಯಿಂದ ಪ್ರಯೋಜನವಾಗದು. ಬೇಸಿಗೆ ಮತ್ತು ಮಳೆಗಾಲದ ನೀರಿನ ಗುಣದಲ್ಲಿ ವ್ಯತ್ಯಾಸವಿರುವುದರಿಂದ ವರ್ಷಕ್ಕೆ ಎರಡು ಬಾರಿ ಪರೀಕ್ಷಿಸುವುದು ಒಳ್ಳೆಯದು. ತಾಂತ್ರಿಕ ಸಲಹೆಗಾಗಿ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಬರುವವರು ಈ ವರದಿಯ ಪ್ರತಿಯನ್ನೂ, ಬಳಸುತ್ತಿರುವ ಗೊಬ್ಬರದ ಚೀಟಿಯನ್ನೂ, ಕಳೆದ ಎರಡು ವಾರಗಳ ರಸಸಾರ ಮತ್ತು ಇ.ಸಿ. ಅಳತೆಗಳನ್ನು ಬರೆದಿಟ್ಟ ಹಾಳೆಯನ್ನೂ ಜೊತೆಗೆ ತರುವುದು.