ಕರವಸ್ತ್ರ ಹಾಕಿದ ಸೀಟು ಯಾರದ್ದು?

ರಾಯಚೂರಿನ ಬಸ್ ನಿಲ್ದಾಣದೊಳಗೆ ಸಂಜೆಯ ಹೊತ್ತು ಮಕ್ತಲ್ ಕಡೆಗೆ ಹೊರಡುವ ಬಸ್ಸು ತಿರುಗಿ ನಿಲ್ಲುವ ಮೊದಲೇ ಅದರ ಸೀಟುಗಳ ಹಂಚಿಕೆ ಮುಗಿದಿರುತ್ತದೆ. ಇಳಿಯುವವರು ಇನ್ನೂ ಇಳಿದಿರುವುದಿಲ್ಲ. ಅಷ್ಟರಲ್ಲೇ ಕಿಟಕಿಗಳ ಮೂಲಕ ಕರವಸ್ತ್ರ, ಟವೆಲ್, ಶಾಲೆಯ ಚೀಲ, ಕೆಲವೊಮ್ಮೆ ಕಾಲಿನ ಚಪ್ಪಲಿಯೂ ಒಳಗೆ ಬಿದ್ದು ತಮ್ಮ ಒಡೆಯರ ಪರವಾಗಿ ಆಸೀನವಾಗಿರುತ್ತವೆ. ಬಾಗಿಲಿನಿಂದ ನ್ಯಾಯವಾಗಿ ಹತ್ತಿದ ಹುಡುಗಿಯೊಬ್ಬಳು ಖಾಲಿ ಸೀಟನ್ನು ಕಂಡು ಕೂರಲು ಹೋದರೆ ಹಿಂದಿನಿಂದ ಧ್ವನಿ ಬರುತ್ತದೆ: ‘ಅಲ್ಲಿ ವಸ್ತ್ರ ಐತಿ, ಕಾಣಂಗಿಲ್ಲೇನು?’ ಅವಳು ಕೃಷ್ಣಾದವರೆಗೆ ನಿಂತೇ ಪ್ರಯಾಣಿಸುತ್ತಾಳೆ.

ಈ ಕರವಸ್ತ್ರಕ್ಕೆ ಕಾನೂನಿನಲ್ಲಿ ಏನು ಬೆಲೆ ಎಂದು ಕೇಳಿದರೆ ಉತ್ತರ ಸರಳ: ಏನೂ ಇಲ್ಲ. ಮುಂಗಡ ಕಾದಿರಿಸದ ಬಸ್ಸಿನ ಟಿಕೆಟ್ಟು ಒಂದು ಊರಿನಿಂದ ಇನ್ನೊಂದು ಊರಿಗೆ ಪ್ರಯಾಣಿಸುವ ಹಕ್ಕನ್ನು ಕೊಡುತ್ತದೆಯೇ ಹೊರತು ಇಂಥದೇ ಸೀಟಿನ ಹಕ್ಕನ್ನು ಕೊಡುವುದಿಲ್ಲ. ಮೊದಲು ಕುಳಿತವನದು ಸೀಟು. ಕುಳಿತುಕೊಳ್ಳುವುದೆಂದರೆ ಮನುಷ್ಯ ಕುಳಿತುಕೊಳ್ಳುವುದು, ಬಟ್ಟೆಯಲ್ಲ. ರೂಢಿಯೂ ಕಾನೂನಿನ ಒಂದು ಮೂಲವೇ ಎಂದು ವಾದಿಸುವವರಿರಬಹುದು. ಆದರೆ ನ್ಯಾಯಾಲಯ ಒಪ್ಪುವ ರೂಢಿ ಪ್ರಾಚೀನವಾಗಿರಬೇಕು, ನಿಶ್ಚಿತವಾಗಿರಬೇಕು, ಜೊತೆಗೆ ವಿವೇಕಸಮ್ಮತವೂ ಆಗಿರಬೇಕು. ಟವೆಲ್ಲಿನ ರೂಢಿ ಮೊದಲ ಎರಡರಲ್ಲಿ ಹೇಗಾದರೂ ಪಾರಾದೀತು, ಮೂರನೆಯದರಲ್ಲಿ ಬೀಳುತ್ತದೆ.

ಹಾಗೆಂದು ಕಾನೂನಿನಲ್ಲಿ ಬೆಲೆಯಿಲ್ಲದ್ದಕ್ಕೆಲ್ಲ ಬಾಳಿನಲ್ಲಿ ಬೆಲೆಯಿಲ್ಲವೆಂದಲ್ಲ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿ ತನ್ನ ಚೀಲವನ್ನು ಸೀಟಿನ ಮೇಲಿಟ್ಟು, ಕೆಳಗೆ ಉಳಿದ ಇನ್ನೊಂದು ಮಗುವನ್ನು ಹತ್ತಿಸಲು ತಿರುಗಿದರೆ ಆ ಚೀಲವನ್ನು ಸರಿಸಿ ಕೂರುವವನನ್ನು ಯಾರೂ ಮೆಚ್ಚುವುದಿಲ್ಲ. ಒಡೆಯ ಕಣ್ಣೆದುರಿಗಿದ್ದು ಕ್ಷಣಮಾತ್ರಕ್ಕೆ ಇಟ್ಟ ವಸ್ತುವಿಗೆ ಗೌರವ ಸಲ್ಲಬೇಕು. ಒಡೆಯ ಚಹಾದಂಗಡಿಯಲ್ಲಿದ್ದು ನಾಲ್ವರು ಗೆಳೆಯರಿಗಾಗಿ ಹಾಸಿದ ಟವೆಲ್ಲಿಗೆ ಅದು ಸಲ್ಲುವುದಿಲ್ಲ. ಹಿರಿಯರು ಹೊತ್ತುಕೊಂಡು ಬಂದ ಮರ್ಯಾದೆಯ ಅಳತೆ ಇಷ್ಟೇ. ಈಗ ಅದು ತುಸು ಮರೆತುಹೋಗಿದೆ.

ಸೀಟಿನ ಜಗಳಕ್ಕೆ ಕಳೆದ ಕೆಲವು ವರ್ಷಗಳಲ್ಲಿ ಹೊಸದೊಂದು ಕಾರಣವೂ ಸೇರಿಕೊಂಡಿದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ, ತೆಲಂಗಾಣದಲ್ಲಿ ಅದೇ ವರ್ಷದ ಡಿಸೆಂಬರ್ 9ರಂದು ಮಹಾಲಕ್ಷ್ಮಿ ಯೋಜನೆ ಜಾರಿಗೆ ಬಂದವು. ಮಹಿಳೆಯರಿಗೆ ಆಯಾ ರಾಜ್ಯದೊಳಗೆ ಉಚಿತ ಪ್ರಯಾಣ. ಹೊಳೆಯ ಆಚೆ ದೇವಸೂಗೂರು ಕರ್ನಾಟಕ, ಈಚೆ ಕೃಷ್ಣಾ ತೆಲಂಗಾಣ. ಸೇತುವೆಯ ಒಂದು ತುದಿಯಲ್ಲಿ ಒಂದು ಸರ್ಕಾರದ ಔದಾರ್ಯ ಮುಗಿದರೆ ಇನ್ನೊಂದು ತುದಿಯಲ್ಲಿ ಮತ್ತೊಂದರದು ಆರಂಭ. ಗಡಿಯ ಜನರ ಪಾಲಿಗೆ ಇದರ ಲೆಕ್ಕ ಹಿಡಿಯುವುದೇ ಒಂದು ವಿದ್ಯೆ. ಆದರೆ ಇಲ್ಲಿ ಹೇಳಬೇಕಾದದ್ದು ಲೆಕ್ಕದ ಮಾತಲ್ಲ. ‘ದುಡ್ಡು ಕೊಟ್ಟವರು ನಿಂತಾರ, ಪುಕ್ಕಟೆ ಬಂದವರು ಕುಂತಾರ’ ಎಂಬ ಮಾತು ಬಸ್ಸಿನಲ್ಲಿ ಈಗ ಧಾರಾಳವಾಗಿ ಕೇಳಿಬರುತ್ತದೆ. ಹೊಲದಲ್ಲಿ ದಿನವಿಡೀ ಬಾಗಿ ದುಡಿದು ಬಂದ ಹೆಂಗಸು ಆ ಮಾತನ್ನು ಕೇಳಿ ಎದ್ದು ನಿಲ್ಲುವುದೂ ಉಂಟು.

ಅವಳು ಏಳಬೇಕಾಗಿಲ್ಲ. ಕಂಡಕ್ಟರ್ ಅವಳಿಗೆ ಕೊಟ್ಟದ್ದು ಶೂನ್ಯ ದರದ ಟಿಕೆಟ್ಟು. ಅದರ ದರವಷ್ಟೇ ಶೂನ್ಯ, ಹಕ್ಕು ಶೂನ್ಯವಲ್ಲ. ಅವಳ ಪ್ರಯಾಣದ ಹಣವನ್ನು ಸಾರಿಗೆ ಸಂಸ್ಥೆಗೆ ತುಂಬಿಕೊಡುವ ಹೊಣೆ ಸರ್ಕಾರದ್ದು. ಸರ್ಕಾರದ ಬೊಕ್ಕಸಕ್ಕೆ ಅವಳೂ ಸಾಬೂನು ಕೊಳ್ಳುವಾಗಲೆಲ್ಲ ತನ್ನ ಪಾಲು ಸಲ್ಲಿಸುತ್ತಲೇ ಇದ್ದಾಳೆ. ಪಾಸ್ ಹಿಡಿದ ಶಾಲಾ ಮಕ್ಕಳ ವಿಷಯವೂ ಇದೇ. ‘ಪಾಸಿನವರು ಏಳ್ರಿ’ ಎಂದು ಗದರುವವರಿಗೆ ಆ ಅಧಿಕಾರವನ್ನು ಯಾವ ನಿಯಮವೂ ಕೊಟ್ಟಿಲ್ಲ. ವೃದ್ಧರೊಬ್ಬರು ಬಂದಾಗ ಹುಡುಗ ತಾನಾಗಿ ಎದ್ದರೆ ಅದು ಸಂಸ್ಕಾರ. ಮೂವತ್ತು ವರ್ಷದ ಗಟ್ಟಿಮುಟ್ಟಾದ ಮನುಷ್ಯ ಅವನನ್ನು ಎಬ್ಬಿಸಿ ತಾನು ಕುಳಿತರೆ ಅದಕ್ಕೆ ಬೇರೆ ಹೆಸರಿದೆ. ಮಹಿಳೆಯರಿಗೆ ಮೀಸಲಾದ ಮುಂದಿನ ಸೀಟುಗಳ ಬಗೆಗೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ‘ನಿಮ್ಮ ಸೀಟು ಮುಂದೈತಿ’ ಎಂದು ಹಿಂದೆ ಕುಳಿತ ಮಹಿಳೆಯನ್ನು ಎಬ್ಬಿಸುವವರಿದ್ದಾರೆ. ಮೀಸಲಾತಿ ಎಂದರೆ ಇಷ್ಟಾದರೂ ಇರಲಿ ಎಂಬ ಕನಿಷ್ಠ ಮಿತಿ. ಇಷ್ಟೇ ಇರಲಿ ಎಂಬ ಗೆರೆಯಲ್ಲ. ಉಳಿದ ಸೀಟುಗಳು ಎಲ್ಲರವು, ‘ಎಲ್ಲರೂ’ ಎಂಬುದರಲ್ಲಿ ಮಹಿಳೆಯರೂ ಸೇರಿದ್ದಾರೆ.

ಯಾರು ಏಳಬೇಕು, ಯಾರು ಕೂರಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಚಿಕ್ಕದಲ್ಲ. ಬ್ಯಾರಿಸ್ಟರ್ ಗಾಂಧಿಯವರನ್ನು ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಹೊರದಬ್ಬಿದ್ದು 1893ರ ಜೂನ್ 7ರ ರಾತ್ರಿ; ಅವರ ಕೈಯಲ್ಲಿ ಮೊದಲ ದರ್ಜೆಯ ಟಿಕೆಟ್ಟಿತ್ತು. ಅಮೆರಿಕದ ಮಾಂಟ್ಗೊಮರಿ ನಗರದಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆ ಬಸ್ಸಿನಲ್ಲಿ ಸೀಟು ಬಿಟ್ಟೇಳಲು ನಿರಾಕರಿಸಿ ಬಂಧನಕ್ಕೊಳಗಾದರು. ಅವರು ಬಿಳಿಯರ ಸೀಟಿನಲ್ಲಿ ಕುಳಿತಿದ್ದರೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಕರಿಯರಿಗೆ ಬಿಟ್ಟ ಸಾಲಿನಲ್ಲಿಯೇ ಕುಳಿತಿದ್ದರು. ಬಿಳಿಯರ ಸಾಲು ತುಂಬಿದಾಗ ಚಾಲಕ ಆ ಸಾಲಿನ ನಾಲ್ವರಿಗೂ ಏಳಲು ಹೇಳಿದ, ಮೂವರು ಎದ್ದರು, ಅವರೊಬ್ಬರು ಏಳಲಿಲ್ಲ. ಆಮೇಲೆ ನಡೆದ ಬಸ್ ಬಹಿಷ್ಕಾರ 381 ದಿನ ನಡೆಯಿತು. ಅದೇ 1955ರಲ್ಲಿ ಭಾರತದ ಸಂಸತ್ತು ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆಯನ್ನು ಅಂಗೀಕರಿಸಿತ್ತು. ಇಂದು ಅದನ್ನು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎನ್ನುತ್ತಾರೆ. ಅದರ 4ನೇ ಕಲಮಿನಲ್ಲಿ ಬಾವಿ, ಕೆರೆ, ಹೋಟೆಲುಗಳ ಜೊತೆಗೆ ಸಾರ್ವಜನಿಕ ವಾಹನದ ಮಾತೂ ಇದೆ. ಜಾತಿಯ ಕಾರಣಕ್ಕೆ ಒಬ್ಬನ ಪಕ್ಕ ಕೂರಗೊಡದಿರುವುದು, ಕುಳಿತವನನ್ನು ಎಬ್ಬಿಸುವುದು ಒರಟುತನವಷ್ಟೇ ಅಲ್ಲ, ಅಪರಾಧ. ಹಳ್ಳಿಯ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಮುದುಕರೊಬ್ಬರು ನಿಂತೇ ಬರುತ್ತಿದ್ದರೆ ಅದಕ್ಕೆ ಮೊಣಕಾಲಿನ ಗಟ್ಟಿತನವೊಂದೇ ಕಾರಣವಲ್ಲವೆಂಬುದನ್ನು ಮಕ್ಕಳಾದರೂ ಗಮನಿಸಿ ಕೇಳಬೇಕು.

ಇನ್ನು ರೈಲಿನ ಮಾತು. ಮುಂಬಯಿ–ಚೆನ್ನೈ ಹಳಿಯ ಮೇಲಿರುವ ಕೃಷ್ಣಾ ನಿಲ್ದಾಣಕ್ಕೆ ಮಕ್ತಲ್ ಕಡೆಯಿಂದ ಹೊಸ ಹಳಿ ಬಂದು ಸೇರಿದ್ದು ಇತ್ತೀಚೆಗೆ. ಜಕ್ಲೇರಿನಿಂದ ಕೃಷ್ಣಾದವರೆಗಿನ 37 ಕಿಲೋಮೀಟರ್ ಮಾರ್ಗ 2023ರ ಅಕ್ಟೋಬರ್ 1ರಂದು ಲೋಕಾರ್ಪಣೆಯಾಯಿತು, ಅಂದೇ ಕಾಚಿಗುಡ–ರಾಯಚೂರು ರೈಲಿಗೂ ಹಸಿರು ನಿಶಾನೆ ದೊರೆಯಿತು. ಇಂಥ ಡೆಮು ಗಾಡಿಯಲ್ಲಿ ಸೀಟಿಗೆ ಸಂಖ್ಯೆಯಿಲ್ಲ, ಹೆಸರಿಲ್ಲ. ಮೂವರ ಹಲಗೆಯ ಮೇಲೆ ನಾಲ್ಕನೆಯವರು ಕೂರುವುದು ಅಲ್ಲಿಯ ಅಲಿಖಿತ ಸಂವಿಧಾನ. ‘ಜರಾ ಸರೀರಿ’ ಎಂದು ಕನ್ನಡದಲ್ಲಿಯೂ, ‘ಜರ ಜರಗಂಡಿ’ ಎಂದು ತೆಲುಗಿನಲ್ಲಿಯೂ, ‘ಜರಾ ಸರಕೋ’ ಎಂದು ದಖನಿಯಲ್ಲಿಯೂ ಕೇಳುವ ಜನ ಇವರು. ಮೂರು ಭಾಷೆಯಲ್ಲಿಯೂ ‘ಜರಾ’ ಎಂಬುದು ಒಂದೇ ಎಂಬುದನ್ನು ಭಾಷಾಶಾಸ್ತ್ರಜ್ಞರು ಬೇಕಾದರೆ ವಿಚಾರಿಸಲಿ. ನಾಲ್ಕನೆಯವರಿಗೆ ಸರಿದು ಕೊಡುವುದು ಸೌಜನ್ಯ. ಆ ನಾಲ್ಕನೆಯವರು ಕುಳಿತ ಮೇಲೆ ಐದನೆಯವರನ್ನು ಕರೆಯುವುದು ಸೌಜನ್ಯದ ದುರುಪಯೋಗ. ಬೋಗಿ ತುಂಬಿದೆಯೆಂದು ಒಳಗಿನವರು ಬಾಗಿಲಿಗೆ ಅಡ್ಡನಿಂತು ಹೊರಗಿನವರನ್ನು ತಡೆಯುವುದನ್ನಂತೂ 1989ರ ರೈಲ್ವೆ ಕಾಯ್ದೆಯ 155ನೇ ಕಲಮು ದಂಡನೀಯವೆಂದು ಹೇಳುತ್ತದೆ.

ಕಾದಿರಿಸಿದ ಬೋಗಿಯಲ್ಲಿ ಪ್ರಶ್ನೆ ಬದಲಾಗುತ್ತದೆ. ಅಲ್ಲಿ ಟಿಕೆಟ್ಟಿನ ಮೇಲೆ ಹೆಸರಿದೆ, ಬರ್ತಿಗೆ ಸಂಖ್ಯೆಯಿದೆ. ಒಬ್ಬರ ಹೆಸರಿನ ಟಿಕೆಟ್ಟಿನಲ್ಲಿ ಇನ್ನೊಬ್ಬರು ಪ್ರಯಾಣಿಸಕೂಡದೆಂದು 53ನೇ ಕಲಮು ವಿಧಿಸುತ್ತದೆ. ಆದರೆ ಅದೇ ಕಲಮು ಒಂದು ಕಿರುಬಾಗಿಲನ್ನೂ ತೆರೆದಿಟ್ಟಿದೆ: ಒಂದೇ ರೈಲಿನಲ್ಲಿ ಪ್ರಯಾಣಿಸುವವರು ಪರಸ್ಪರ ಒಪ್ಪಿ ಸೀಟು ಅಥವಾ ಬರ್ತನ್ನು ಅದಲುಬದಲು ಮಾಡಿಕೊಳ್ಳಬಹುದು. ಇಲ್ಲಿ ‘ಪರಸ್ಪರ’ ಎಂಬ ಶಬ್ದ ಮುಖ್ಯ. ಇಬ್ಬರೂ ಒಪ್ಪಿದ್ದರೆ ಅದು ವಿನಿಮಯ. ಒಬ್ಬನಷ್ಟೇ ಒಪ್ಪಿ ಇನ್ನೊಬ್ಬ ಬಾಯಿ ಮುಚ್ಚಿಕೊಂಡು ಸಹಿಸಿದರೆ ಅದನ್ನು ವಿನಿಮಯವೆನ್ನಲಾಗದು.

ಬಹುತೇಕ ಜಗಳಗಳು ಹುಟ್ಟುವುದು ಕೇಳುವ ರೀತಿಯಿಂದ. ಮಗುವನ್ನು ಪರರ ಕೆಳಬರ್ತಿನಲ್ಲಿ ಮಲಗಿಸಿ, ಬುತ್ತಿ ಬಿಚ್ಚಿ, ಎಲ್ಲ ಮುಗಿದ ಮೇಲೆ ಬರ್ತಿನ ಒಡೆಯ ಬಂದಾಗ ‘ನೀವು ಮೇಲೆ ಹೋಗ್ತೀರೇನು?’ ಎಂದು ಕೇಳುವುದು ಕೇಳಿಕೆಯೇ ಅಲ್ಲ, ತೀರ್ಪು ಓದಿ ಹೇಳಿದಂತೆ. ಕುಳಿತುಕೊಳ್ಳುವ ಮೊದಲು ಕೇಳಬೇಕು. ಕೇಳುವಾಗ ತನ್ನಲ್ಲಿ ಕೊಡಲು ಏನಿದೆ ಎಂಬುದನ್ನು ಮೊದಲು ಹೇಳಬೇಕು: ಕೆಳಬರ್ತಿಗೆ ಕೆಳಬರ್ತು, ಕಿಟಕಿಗೆ ಕಿಟಕಿ. ಹೆಚ್ಚು ಅನುಕೂಲದ್ದನ್ನು ಕೇಳಿ ಕಡಿಮೆ ಅನುಕೂಲದ್ದನ್ನು ಕೊಡುವುದಾದರೆ ಬೇಡ ಎನ್ನುವ ಸ್ವಾತಂತ್ರ್ಯವನ್ನೂ ಜೊತೆಗೇ ಕೊಡಬೇಕು. ಹಾಗೆ ಬೇಡವೆಂದವರು ಕಾರಣ ಹೇಳಬೇಕೆಂದಿಲ್ಲ. ಒಂಟಿಯಾಗಿ ಹೊರಟ ವಿದ್ಯಾರ್ಥಿಯ ಸುತ್ತ ಆರು ಜನರ ಕುಟುಂಬ ನಿಂತು ‘ಇಷ್ಟೂ ಮಾಡಬಾರದೇ?’ ಎಂದರೆ ಅವನು ಒಪ್ಪಿಯಾನು. ಒತ್ತಡದಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲವೆಂಬುದು ಕರಾರು ಕಾಯ್ದೆಯ ಮೊದಲ ಪಾಠಗಳಲ್ಲೊಂದು.

ಮಕ್ಕಳ ಟಿಕೆಟ್ಟು ಇನ್ನೊಂದು ತೊಡಕು. 2016ರ ಏಪ್ರಿಲ್ 21ರಿಂದ 5 ವರ್ಷ ತುಂಬಿ 12 ತುಂಬದ ಮಗುವಿಗೆ ಪ್ರತ್ಯೇಕ ಬರ್ತು ಬೇಕಾದರೆ ಪೂರ್ಣ ದರ ತೆರಬೇಕು. ಅರ್ಧ ದರ ಕೊಟ್ಟರೆ ಬರ್ತು ಇಲ್ಲ. ಅರ್ಧ ಟಿಕೆಟ್ಟು ಕೊಂಡ ತಂದೆತಾಯಿಗಳು ಮಗುವನ್ನು ತಮ್ಮ ಬರ್ತಿನಲ್ಲಿಯೇ ಮಲಗಿಸಿಕೊಳ್ಳಬೇಕಾಗುತ್ತದೆ, ಪಕ್ಕದವರ ಬರ್ತಿನಲ್ಲಲ್ಲ. ಅಜ್ಜ ಅಜ್ಜಿಯರೊಡನೆ ಹೊರಡುವವರು ತಿಳಿದಿರಬೇಕಾದ ಮತ್ತೊಂದು ಸಂಗತಿಯೂ ಇದೆ. 60 ದಾಟಿದ ಪುರುಷರಿಗೆ, 45 ದಾಟಿದ ಮಹಿಳೆಯರಿಗೆ ಕೆಳಬರ್ತಿನ ಪ್ರತ್ಯೇಕ ಕೋಟಾ ಉಂಟು. ಆದರೆ ಒಬ್ಬರೋ ಇಬ್ಬರೋ ಪ್ರಯಾಣಿಸುವಂತೆ ಟಿಕೆಟ್ಟು ಮಾಡಿಸಿದಾಗಲೇ ಅದರ ಪ್ರಯೋಜನ ಸಿಗುವುದು. ಇಡೀ ಕುಟುಂಬದ ಆರು ಜನರನ್ನು ಒಂದೇ ಟಿಕೆಟ್ಟಿನಲ್ಲಿ ಸೇರಿಸಿದರೆ ಅಜ್ಜಿಗೆ ಮೇಲಿನ ಬರ್ತು ಬಂದರೂ ಬರಬಹುದು. ಆಮೇಲೆ ಪರರ ದಯೆಗೆ ಕೈಯೊಡ್ಡುವ ಬದಲು ಟಿಕೆಟ್ಟು ಮಾಡಿಸುವಾಗಲೇ ಎಚ್ಚರ ವಹಿಸುವುದು ಒಳಿತು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಲಗುವ ಹೊತ್ತು ಎಂದು ರೈಲ್ವೆ ಇಲಾಖೆ 2017ರಲ್ಲಿ ನಿಗದಿ ಮಾಡಿತು. ಮೊದಲು ಅದು 9 ಗಂಟೆಗೇ ಆರಂಭವಾಗುತ್ತಿತ್ತು. ಉಳಿದ ಹೊತ್ತಿನಲ್ಲಿ ಕೆಳಬರ್ತು ಮೇಲಿನವರಿಗೂ ಕೂರುವ ಜಾಗವೇ. ರೋಗಿಗಳು, ಅಂಗವಿಕಲರು, ಗರ್ಭಿಣಿಯರು ಹೆಚ್ಚು ಹೊತ್ತು ಮಲಗಬೇಕಾದರೆ ಸಹಕರಿಸಿರೆಂದು ಆ ಸೂಚನೆಯಲ್ಲಿಯೇ ಹೇಳಿದೆ.

ಅದಲುಬದಲು ಮಾಡಿಕೊಂಡವರು ಟಿಕೆಟ್ ಪರೀಕ್ಷಕರಿಗೆ ತಿಳಿಸುವುದನ್ನು ಮರೆಯುತ್ತಾರೆ. ಪರೀಕ್ಷಕರು ಬಂದಾಗ ನಿಜವಾದ ಬರ್ತಿನಲ್ಲಿ ಹೆಸರಿನವರು ಕಾಣದಿದ್ದರೆ ಗೈರುಹಾಜರಿಯೆಂದು ಗುರುತಿಸಿ ಆ ಬರ್ತನ್ನು ಆರ್‌ಎಸಿಯಲ್ಲಿ ಅರ್ಧ ಸೀಟಿನ ಮೇಲೆ ಕುಳಿತು ಕಾಯುತ್ತಿರುವವರಿಗೆ ಕೊಡುವ ಸಂಭವವಿದೆ. ಒಂದು ಮಾತು ಹೇಳಿದ್ದರೆ ತಪ್ಪುತ್ತಿದ್ದ ರಂಪ ಮಧ್ಯರಾತ್ರಿ ಎದ್ದು ಕೂರುತ್ತದೆ. ಒಪ್ಪದೆ ಕುಳಿತವನನ್ನು ಎಬ್ಬಿಸುವ ಅಧಿಕಾರವೂ ಪರೀಕ್ಷಕರದೇ, ಪ್ರಯಾಣಿಕರದಲ್ಲ. ಕೈ ಮಾಡಿದವನು ತನ್ನ ಸೀಟಿನ ನ್ಯಾಯವನ್ನೂ ಕಳೆದುಕೊಳ್ಳುತ್ತಾನೆ.

ಶಂಶಾಬಾದಿನ ವಿಮಾನ ನಿಲ್ದಾಣದಿಂದ ಮೊದಲ ಬಾರಿ ವಿಮಾನ ಹತ್ತುವ ಕುಟುಂಬಗಳು ಈಗ ನಾರಾಯಣಪೇಟೆ, ಗದ್ವಾಲಗಳಲ್ಲಿಯೂ ವಿರಳವಲ್ಲ. ರೈಲಿನ ‘ಜರಾ ಸರೀರಿ’ ಅಲ್ಲಿ ನಡೆಯುವುದಿಲ್ಲ, ಏಕೆಂದರೆ ಸರಿಯಲು ಜಾಗವೇ ಇಲ್ಲ. ಕಿಟಕಿಯ ಸೀಟಿಗೆ, ಕಾಲು ಚಾಚಲು ಬರುವ ಮುಂದಿನ ಸೀಟಿಗೆ ಅನೇಕರು ಪ್ರತ್ಯೇಕ ಹಣ ತೆತ್ತಿರುತ್ತಾರೆ. ಆದ್ದರಿಂದ ಅದನ್ನು ಬಿಟ್ಟುಕೊಡಿರೆಂದು ಕೇಳುವುದು ಹಣವನ್ನೇ ಕೇಳಿದಂತೆ. ಮಕ್ಕಳು ಬೇರೆಯಾದರೆಂದು ಅಳುಕಬೇಕಾಗಿಲ್ಲ. 12 ವರ್ಷದೊಳಗಿನ ಮಗುವಿಗೆ, ಅದೇ ಪಿಎನ್‌ಆರ್ ಸಂಖ್ಯೆಯಲ್ಲಿ ಪ್ರಯಾಣಿಸುವ ತಂದೆತಾಯಿ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ವಿಮಾನ ಸಂಸ್ಥೆಗಳಿಗೆ ನಿರ್ದೇಶಿಸಿದೆ. ಇದನ್ನು ಟಿಕೆಟ್ ಪರಿಶೀಲನೆಯ ಕೌಂಟರಿನಲ್ಲಿಯೇ ಕೇಳಿ ಪಡೆಯಬೇಕು; ಒಳಗೆ ಹೋಗಿ ಅಪರಿಚಿತರನ್ನು ಎಬ್ಬಿಸುವುದಕ್ಕಿಂತ ಅದು ಸುಲಭ.

ಖಾಲಿ ಕಂಡಲ್ಲಿ ಹೋಗಿ ಕೂರುವ ಬಸ್ಸಿನ ಅಭ್ಯಾಸವನ್ನೂ ಅಲ್ಲಿ ಬಿಡಬೇಕು. ಚಿಕ್ಕ ವಿಮಾನಗಳಲ್ಲಿ ಪ್ರಯಾಣಿಕರ ಭಾರ ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಲೆಕ್ಕದ ಮೇಲೆ ವಿಮಾನದ ಸಮತೋಲವಿರುತ್ತದೆ. ಜನ ಕಡಿಮೆಯಿದ್ದಾಗ ಸಿಬ್ಬಂದಿಯೇ ಕೆಲವರನ್ನು ಬೇರೆ ಸಾಲಿಗೆ ಕಳುಹಿಸುವುದುಂಟು. ತುರ್ತು ನಿರ್ಗಮನದ ಬಾಗಿಲ ಪಕ್ಕದ ಸಾಲಿನಲ್ಲಿ ಮಕ್ಕಳು, ಗರ್ಭಿಣಿಯರು, ಅಶಕ್ತರು ಕೂರುವಂತಿಲ್ಲ, ಯಾಕೆಂದರೆ ಅಪಾಯದ ಹೊತ್ತಿನಲ್ಲಿ ಆ ಬಾಗಿಲು ತೆರೆಯಬೇಕಾದವರು ಅಲ್ಲಿ ಕುಳಿತವರೇ. ಅಂಥ ಸಾಲಿನ ಸೀಟನ್ನು ಯಾರಾದರೂ ಪ್ರೀತಿಯಿಂದ ಅಜ್ಜಿಗೆ ಬಿಟ್ಟುಕೊಟ್ಟರೂ ಗಗನಸಖಿ ಅಜ್ಜಿಯನ್ನು ಅಲ್ಲಿಂದ ಎಬ್ಬಿಸುತ್ತಾಳೆ. ಅದರಲ್ಲಿ ಅವಮಾನವೇನೂ ಇಲ್ಲ. ಸೀಟು ಬದಲಿಸಿಕೊಳ್ಳುವುದಿದ್ದರೆ ಎಲ್ಲರೂ ಹತ್ತಿದ ಮೇಲೆ, ಸಿಬ್ಬಂದಿಯನ್ನು ಕೇಳಿ, ಬಾಗಿಲು ಮುಚ್ಚಿ ವಿಮಾನ ಚಲಿಸುವ ಮೊದಲು ಬದಲಿಸಿಕೊಳ್ಳಬಹುದು.

ಊರಿಗೆ ಮರಳುವ ರೈಲಿನಲ್ಲಿ ಸೀಟಿನ ತಕರಾರು ಕೈಮೀರಿದರೆ ಕರೆ ಮಾಡಬೇಕಾದ ಸಂಖ್ಯೆ 139. ಬೋಗಿಯ ಸಂಖ್ಯೆ, ಬರ್ತಿನ ಸಂಖ್ಯೆ ಹೇಳಿದರೆ ದೂರು ದಾಖಲಾಗುತ್ತದೆ.